ಪ್ಲೇನ್‌ಫೀಲ್ಡ್ ಅಂಕಲ್ ಕೊಟ್ಟ ಸಾಕ್ಷಿ

ಮದುವೆಗೆ ಮುಂಚೆ ನಮ್ಮತ್ತೆಯವರು ನನ್ನ ಬಗ್ಗೆ ವಿಚಾರಿಸಿದ್ದು ನಮ್ಮ ಎದುರು ಮನೆಯಲ್ಲಿ ಮತ್ತು ನನಗೆ ಪಾಠ ಮಾಡಿದ್ದ ಒಬ್ಬ ಮೇಡಂ ಹತ್ತಿರ, ಅಷ್ಟೆ. ಹುಡುಗಿ ಸ್ವಲ್ಪ ಜೋರು, ಆದರೆ ಒಳ್ಳೆಯವಳು ಎಂದು ಎರಡೂ ಕಡೆ ಹೇಳಿದರಂತೆ. ಒಳ್ಳೆಯವಳು ಎಂಬುದನ್ನು ಅತ್ತೆ ಬೇಗ ಮರೆತರು, ಜೋರು ಎಂಬುದನ್ನು ಮಾತ್ರ ಕೊನೆಯವರೆಗೂ ನೆನಪಿಟ್ಟುಕೊಂಡಿದ್ದರು. ಅದಾಗಿ ಇಷ್ಟು ವರ್ಷದ ಮೇಲೆ, ಕೂದಲಿಗೆ ಬಣ್ಣ ಹಚ್ಚುವ ವಯಸ್ಸಿನಲ್ಲಿ, ಮಿಶಿಗನ್ ರಾಜ್ಯದವರು ನನ್ನ ಬಗ್ಗೆ ವಿಚಾರಿಸಲು ಹೊರಟರು ನೋಡಿ, ಅದರ ಮುಂದೆ ಅತ್ತೆಯವರದು ಏನೇನೂ ಅಲ್ಲ.

ನಾನು ಡೆಟ್ರಾಯಿಟ್‌ನ ಒಂದು ಕ್ಯಾಸಿನೋದಲ್ಲಿ ಕೆಲಸ ಮಾಡುತ್ತೇನೆ. ಟೇಬಲ್ಲಿನ ಹಿಂದೆ ನಿಂತು ಇಸ್ಪೀಟು ಎಲೆ ಹಂಚುವ ಡೀಲರ್ ಆಗಿ ಸೇರಿದೆ. ಮೈಸೂರಿನ ಹೆಂಗಸು ಅಲ್ಲಿಗೆ ಹೇಗೆ ಹೋದಳಪ್ಪಾ ಎಂದು ಕೇಳುವವರಿಗೆ ಹೇಳಲು ನನ್ನ ಹತ್ತಿರ ದೊಡ್ಡ ಕಥೆಯೇನೂ ಇಲ್ಲ. ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯೊಂದರಲ್ಲಿದ್ದ ನಮ್ಮ ಯಜಮಾನರ ಕೆಲಸ ಒಂದು ವರ್ಷ ಹೋಯಿತು. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬಂದಿತ್ತು. ಕ್ಯಾಸಿನೋದವರು ತಾವೇ ತರಬೇತಿ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾಯಿತು. ನನ್ನದು ಬಿ.ಎಸ್ಸಿ. ಗಣಿತ, ಬಾಯಿಲೆಕ್ಕ ಚುರುಕು, ಕೈ ಅದಕ್ಕಿಂತ ಚುರುಕು. ಇವರಿಗೆ ಕೆಲಸ ಸಿಗುವವರೆಗೆ ಎಂದು ಹೋದೆ. ಇವರಿಗೆ ಕೆಲಸ ಸಿಕ್ಕಿತು, ನಾನು ಬಿಡಲಿಲ್ಲ. ಯಾಕೆ ಎಂದರೆ ನನಗೆ ಇಷ್ಟವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಮೊದಮೊದಲು ಸಂಕೋಚವಿತ್ತು, ಈಗ ಇಲ್ಲ.

ಜೂಜಿನಲ್ಲಿ ನನಗೆ ಆಸಕ್ತಿಯಿಲ್ಲ. ನನಗೆ ಇಷ್ಟವಾಗಿದ್ದು ಅಲ್ಲಿನ ಶಿಸ್ತು. ಹೊರಗಿನವರು ಕ್ಯಾಸಿನೋ ಎಂದರೆ ಹೊಗೆ, ಕುಡಿತ, ಮೋಸ ಎಂದುಕೊಳ್ಳುತ್ತಾರೆ. ಟೇಬಲ್ಲಿನ ಹಿಂದೆ ನಿಂತವಳಿಗೆ ಅದು ನಮ್ಮಜ್ಜಿಯ ಅಡುಗೆಮನೆಗಿಂತ ಮಡಿ. ಎಲೆ ಹೀಗೇ ತೆಗೆಯಬೇಕು, ದುಡ್ಡಿನ ಬದಲು ಆಡುವ ಚಿಪ್ಸ್ ಬಿಲ್ಲೆ ಹೀಗೇ ಜೋಡಿಸಬೇಕು, ಮೂಗು ತುರಿಸಿದರೂ ಕೈ ತೋರಿಸಬೇಕು. ಟೇಬಲ್ ಬಿಡುವಾಗ ಎರಡೂ ಕೈ ತಟ್ಟಿ, ಅಂಗೈ ಮೇಲೆ ಮಾಡಿ, ಮತ್ತೆ ಕೆಳಗೆ ಮಾಡಿ, ನೆತ್ತಿಯ ಮೇಲಿರುವ ಕ್ಯಾಮರಾಕ್ಕೆ ಏನೂ ಬಚ್ಚಿಟ್ಟಿಲ್ಲ ಎಂದು ತೋರಿಸುವುದು ನಮ್ಮ ಪದ್ಧತಿ. ಮನೆಯಲ್ಲಿ ಚಪಾತಿ ಹಿಟ್ಟು ಕಲಸಿ ಮುಗಿಸಿದ ಮೇಲೂ ನಾನು ಹಾಗೇ ಮಾಡುತ್ತಿದ್ದೆನಂತೆ. ಮಗಳು ಹೇಳುವವರೆಗೂ ನನಗೆ ಗೊತ್ತೇ ಇರಲಿಲ್ಲ. "ಅಮ್ಮಾ, ನೋಬಡಿ ಈಸ್ ವಾಚಿಂಗ್" ಎಂದು ನಕ್ಕಳು. ಯಾರೂ ನೋಡದಿದ್ದರೆ ಏನೀಗ ಎಂದು ಅವಳ ಬಾಯಿ ಮುಚ್ಚಿಸಿದೆ.

ಹೀಗಿರುವಾಗ ನಮ್ಮ ಪಾಳಿಯ ಮ್ಯಾನೇಜರ್ ಒಂದು ದಿನ ಕರೆದು, ಸೂಪರ್‌ವೈಸರ್ ಜಾಗ ಖಾಲಿಯಾಗುತ್ತಿದೆ, ಅಪ್ಲೈ ಮಾಡಿ ಎಂದರು. ಸೂಪರ್‌ವೈಸರ್ ಎಂದರೆ ಎಲೆ ಹಂಚುವವಳಲ್ಲ, ನಾಲ್ಕಾರು ಟೇಬಲ್ಲುಗಳ ಹಿಂದೆ ಓಡಾಡುತ್ತಾ ಹಂಚುವವರ ಮೇಲೆ ಕಣ್ಣಿಡುವವಳು. ತಕರಾರು ಬಂದರೆ ಅವಳ ಮಾತೇ ಮೊದಲ ತೀರ್ಪು. ನನ್ನ ಬಲಭುಜ ಆಗಲೇ ರಾತ್ರಿ ಹೊತ್ತು ಅಳಿಸುತ್ತಿತ್ತು. ಇನ್ನೆಷ್ಟು ವರ್ಷ ಈ ಕೈ ಹೀಗೆ ಬೀಸಲಿ? ಆ ಜಾಗ ನನಗೆ ಬೇಕು ಅನ್ನಿಸಿತು. ಬೇಕು ಎಂದರೆ ಬರೀ ಭುಜಕ್ಕಾಗಿ ಅಲ್ಲ, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ನಿಯತ್ತಾಗಿ ದುಡಿದವಳನ್ನು ಯಾರೋ ಗಮನಿಸಿದ್ದಾರೆ ಎಂದು ಎದೆ ಉಬ್ಬಿತ್ತು.

ಆದರೆ ಜಾಗ ಕೊಡುವವರು ಕ್ಯಾಸಿನೋದವರಾದರೂ, ಅಲ್ಲಿ ನಿಲ್ಲಲು ಲೈಸೆನ್ಸ್ ಕೊಡುವುದು ಸರ್ಕಾರ. ಡೀಲರ್‌ಗೊಂದು ಲೈಸೆನ್ಸು, ಮೇಲ್ವಿಚಾರಕರಿಗೆ ಅದಕ್ಕಿಂತ ಮೇಲ್ದರ್ಜೆಯದು. ಮೇಲೆ ಹೋದಷ್ಟೂ ಜರಡಿ ಸಣ್ಣದು. ಬೆರಳಚ್ಚು ಮತ್ತೆ ಕೊಡಬೇಕು. ಎಲ್ಲೆಲ್ಲಿ ವಾಸವಿದ್ದೆ, ಎಲ್ಲೆಲ್ಲಿ ದುಡಿದೆ, ತೆರಿಗೆ ಸರಿಯಾಗಿ ಕಟ್ಟಿದ್ದೇನೆಯೇ, ಗಂಡ ಏನು ಮಾಡುತ್ತಾನೆ, ಒಡಹುಟ್ಟಿದವರು ಏನು ಮಾಡುತ್ತಾರೆ, ಎಲ್ಲ ಹೇಳಬೇಕು. ಸೂಪರ್‌ವೈಸರ್ ಆದವರು ಗಿರಾಕಿಗಳಿಂದ ಟಿಪ್ಸ್ ಮುಟ್ಟುವಂತಿಲ್ಲ. ಎಲ್ಲಕ್ಕಿಂತ ಮೇಲಾಗಿ ಒಂದು ಮಾತನ್ನು ಮೊದಲೇ ಸ್ಪಷ್ಟ ಮಾಡಿಬಿಡುತ್ತಾರೆ: ಈ ಲೈಸೆನ್ಸ್ ಯಾರ ಹಕ್ಕೂ ಅಲ್ಲ, ಯೋಗ್ಯಳು ಎಂದು ತೋರಿಸಿಕೊಡುವ ಹೊಣೆ ಕೇಳುವವಳದೇ. ಎಲ್ಲಾದರೂ ಸುಳ್ಳು ಸಿಕ್ಕಿತೋ, ಹೊಸದು ಸಿಗುವುದಿರಲಿ, ಕೈಯಲ್ಲಿರುವ ಡೀಲರ್ ಲೈಸೆನ್ಸಿಗೂ ಕುತ್ತು.

"ಒಳ್ಳೇ ಹೆಣ್ಣು ನೋಡೋ ಶಾಸ್ತ್ರದ ಥರ ಇದೆಯಲ್ಲೇ" ಎಂದು ಇವರು ನಕ್ಕರು.

"ಹೌದ್ರೀ, ಹಾಡೊಂದು ಹೇಳಿ ಅಂತ ಕೇಳಲಿಲ್ಲ ಸದ್ಯ" ಎಂದೆ.

ಬಾಯಲ್ಲಿ ತಮಾಷೆ ಮಾಡಿದರೂ ಒಳಗೊಂದು ಅಳುಕಿತ್ತು. ನನ್ನ ಪಕ್ಕದ ಟೇಬಲ್ಲಿನಲ್ಲಿ ಎಷ್ಟೋ ವರ್ಷದಿಂದ ಎಲೆ ಹಂಚುವ ಅಲ್ಬೇನಿಯಾದ ಗೆಳತಿಯೊಬ್ಬಳಿದ್ದಾಳೆ. ನಾನು ಅಪ್ಲೈ ಮಾಡಿದ್ದು ಕೇಳಿ ಬ್ರೇಕ್‌ರೂಮಿನಲ್ಲಿ ನನ್ನ ಕೈ ಹಿಡಿದುಕೊಂಡು, "ನಾಳೆ ನಾನು ತಪ್ಪು ಮಾಡಿದರೆ ನೀನು ನನ್ನ ಮೇಲೆ ದೂರು ಬರೆದು ಕೊಡುತ್ತೀಯಾ?" ಎಂದು ಕೇಳಿದಳು. ನಗುತ್ತಲೇ ಕೇಳಿದ್ದು. ನಾನೂ ನಗುತ್ತಲೇ, "ನೀನು ತಪ್ಪು ಮಾಡಬೇಡವೇ ಮಾರಾಯ್ತಿ" ಎಂಬರ್ಥದಲ್ಲಿ ಏನೋ ಹೇಳಿದೆ. ಆದರೆ ಮನೆಗೆ ಡ್ರೈವ್ ಮಾಡುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯಿತು. ಬರೆದು ಕೊಡಬಲ್ಲೆನಾ? ನನ್ನವರು ಎಂದರೆ ನಾನು ಕರಗುವವಳು. ಬೈದರೂ ಬಿಟ್ಟುಕೊಡುವವಳಲ್ಲ. ಇಂಥವಳು ಆ ಕೆಲಸಕ್ಕೆ ಲಾಯಕ್ಕೇ ಎಂಬುದು ಸರ್ಕಾರಕ್ಕಿಂತ ಮೊದಲು ನನಗೇ ಗೊತ್ತಿರಲಿಲ್ಲ.

ನೆಂಟರಲ್ಲದ, ಬಹಳ ಕಾಲದಿಂದ ನನ್ನನ್ನು ಬಲ್ಲ ಒಂದಿಬ್ಬರ ಹೆಸರು ಕೊಡಬೇಕಿತ್ತು. ಅವರಿಗೆ ಫೋನ್ ಮಾಡಿ ನನ್ನ ನಡತೆ ಕೇಳುತ್ತಾರೆ. ನಾನು ಎರಡನೆಯ ಯೋಚನೆಯಿಲ್ಲದೆ ಪ್ಲೇನ್‌ಫೀಲ್ಡ್ ಅಂಕಲ್ ಹೆಸರು ಕೊಟ್ಟೆ.

ಈ ಅಂಕಲ್ ಮತ್ತು ಆಂಟಿ ಮೊದಲು ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನಲ್ಲಿ, ನಮ್ಮ ಸಬ್‌ಡಿವಿಷನ್ ಬಡಾವಣೆಯಲ್ಲೇ, ನಮ್ಮ ಹಿಂದಿನ ಬೀದಿಯಲ್ಲೇ ಇದ್ದವರು. ನನ್ನ ಮಗಳನ್ನು ಸ್ಕೂಲ್ ಬಸ್ಸಿಂದ ಇಳಿಸಿಕೊಂಡು, ನನ್ನ ಪಾಳಿ ಮುಗಿಯುವವರೆಗೆ ಅನ್ನ ಹಾಕಿ ನೋಡಿಕೊಂಡವರು. ಅಂಕಲ್ ರಿಟೈರಾದ ಮೇಲೆ ಮಗ ಸೊಸೆ ಇರುವ, ಶಿಕಾಗೋ ಹತ್ತಿರದ ಪ್ಲೇನ್‌ಫೀಲ್ಡ್‌ಗೆ ಹೋದರು. ಎಲ್ಲಿದ್ದರೂ ಅವರ ಹವ್ಯಾಸ ಒಂದೇ, ಸಂಬಂಧ ಕುದುರಿಸುವುದು. ಶಿಕಾಗೋದಿಂದ ಡೆಟ್ರಾಯಿಟ್‌ವರೆಗೆ ಯಾವ ಕನ್ನಡದವರ ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದಾರೆ, ಯಾವ ನಕ್ಷತ್ರ, ಯಾವ ಕಂಪನಿ, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಹುಡುಗನ ಕಡೆಯವರು ಹುಡುಗಿಯ ಮನೆ ಹೇಗೆ ಎಂದು, ಹುಡುಗಿಯ ಕಡೆಯವರು ಹುಡುಗ ಹೇಗೆ ಎಂದು ಅವರಿಗೇ ಫೋನ್ ಮಾಡುತ್ತಾರೆ. ಅಂಕಲ್ ಯಾರ ಮನೆಯ ಸಂಬಂಧವನ್ನೂ ತಮ್ಮ ಬಾಯಿಂದ ಕೆಡಿಸಿದವರಲ್ಲ. ಹುಡುಗನಿಗೆ ಕೆಲಸ ಹೋಗಿದ್ದರೆ "ಬ್ರೇಕ್ ತಗೊಂಡಿದಾನೆ" ಅನ್ನುತ್ತಾರೆ, ಮಾವ ಕುಡಿಯುತ್ತಿದ್ದರೆ "ಸೋಷಿಯಲ್ ಮನುಷ್ಯ" ಅನ್ನುತ್ತಾರೆ.

ನಾನು ಕ್ಯಾಸಿನೋದಲ್ಲಿರುವುದು ಅವರಿಗೆ ಮೊದಲ ದಿನದಿಂದ ಗೊತ್ತು. ಆದರೆ ಹೊಸಬರಿಗೆ ನನ್ನನ್ನು ಪರಿಚಯಿಸುವಾಗ "ಹೋಟೆಲ್ ಲೈನ್‌ನಲ್ಲಿದಾರೆ" ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಂತು "ಕ್ಯಾಸಿನೋ" ಎಂದು ಸೇರಿಸುತ್ತಿದ್ದೆ. ಅಂಕಲ್ ಕೆಮ್ಮುತ್ತಿದ್ದರು. ಆಂಟಿ ಕಾಫಿ ತರಲು ಒಳಗೆ ಹೋಗುತ್ತಿದ್ದರು. ಪ್ರೀತಿಯಿಂದ ಮಾಡುವುದು ಎಂದು ಗೊತ್ತಿದ್ದರಿಂದ ನಾನು ಜಗಳ ಕಾಯುತ್ತಿರಲಿಲ್ಲ.

ಹೆಸರು ಕೊಟ್ಟ ಮೇಲೆ ಒಂದು ಮಾತು ತಿಳಿಸೋಣ ಎಂದು ಫೋನ್ ಮಾಡಿದೆ. ಅಂಕಲ್ ವಾಕಿಂಗ್ ಹೋಗಿದ್ದರು, ಆಂಟಿ ಎತ್ತಿದರು. ಹಿಂದೆ ಕುಕ್ಕರ್ ಕೂಗುತ್ತಿತ್ತು, ನನಗೂ ಪಾಳಿಗೆ ಹೊತ್ತಾಗಿತ್ತು.

"ಆಂಟಿ, ನಮ್ಮ ಬಗ್ಗೆ ವಿಚಾರಿಸೋಕೆ ಯಾರಾದ್ರೂ ಫೋನ್ ಮಾಡ್ತಾರೆ. ಅಂಕಲ್‌ಗೆ ಹೇಳಿ, ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಸಾಕು."

ಆಂಟಿಯ ದನಿಯೇ ಬದಲಾಯಿತು. "ಅಯ್ಯೋ, ಎಂಥ ಒಳ್ಳೇ ಸುದ್ದಿ ಹೇಳಿದ್ಯಮ್ಮ! ನಿಮ್ಮ ಬಗ್ಗೆ ಹೇಳೋಕೇನು, ಚಿನ್ನದಂಥ ಮನೆ. ನೀನು ನಿಶ್ಚಿಂತೆಯಾಗಿರು, ಅವರಿಗೆ ನಾನು ಹೇಳ್ತೀನಿ."

ನನಗೆ ಬಡ್ತಿ ಸಿಗುವುದಕ್ಕೆ ಇಷ್ಟು ಸಂತೋಷಪಡುತ್ತಾರಲ್ಲಾ ಎಂದು ನನ್ನ ಕಣ್ಣು ತುಂಬಿ ಬಂತು. ಬಡ್ತಿಯ ವಿಷಯವನ್ನು ನಾನು ಅವರಿಗೆ ಹೇಳಿಯೇ ಇಲ್ಲ ಎಂಬುದು ಆಗ ಹೊಳೆಯಲಿಲ್ಲ.

ಕೆಲವು ವಾರ ಕಳೆದ ಮೇಲೆ ತನಿಖೆ ಮಾಡುವ ಅಧಿಕಾರಿ ನನ್ನನ್ನು ಕರೆಸಿದರು. ನನ್ನದೇ ವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮಾತಾಡುವ ಅಭ್ಯಾಸ. ನಾನು ಹೇಳಿದ್ದೆಲ್ಲ ತಾಳೆಯಾಗಿದೆ, ಒಂದು ವಿಷಯ ಮಾತ್ರ ಅರ್ಥವಾಗುತ್ತಿಲ್ಲ ಎಂದರು.

"ನಿಮ್ಮನ್ನು ಬಹಳ ವರ್ಷದಿಂದ ಬಲ್ಲೆ ಎಂದ ಈ ಹಿರಿಯರು, ನೀವು ಕ್ಯಾಸಿನೋದಲ್ಲಿ ಕೆಲಸ ಮಾಡುವುದೇ ಇಲ್ಲ ಎಂದಿದ್ದಾರೆ. ನೀವು ಜೀವಮಾನದಲ್ಲಿ ಕ್ಯಾಸಿನೋ ಮೆಟ್ಟಿಲು ಹತ್ತಿಲ್ಲವಂತೆ. ನಿಮ್ಮ ಮನೆಯಲ್ಲಿ ಇಸ್ಪೀಟು ಎಲೆಯನ್ನೇ ಯಾರೂ ಮುಟ್ಟುವುದಿಲ್ಲವಂತೆ."

ಇಷ್ಟು ವರ್ಷ ದಿನಾ ಎಲೆ ಮುಟ್ಟಿ ಮುಟ್ಟಿ ಬೆರಳ ತುದಿ ನುಣ್ಣಗಾಗಿರುವವಳ ಬಗ್ಗೆ ಈ ಮಾತು! ಅಯ್ಯೋ ಅಂಕಲ್, ಏನ್ ಕೆಲಸ ಮಾಡಿಟ್ರಿ!

ಆ ಹೆಂಗಸು ಕೆಟ್ಟವರಲ್ಲ. ನನ್ನ ಮುಖ ನೋಡಿ, ಕನ್ನಡಕ ಕೆಳಗಿಳಿಸಿ, ಮೆತ್ತಗೆ ಕೇಳಿದರು: "ಅವರಿಗೆ ತುಂಬ ವಯಸ್ಸಾಗಿದೆಯೇ? ನೆನಪಿನ ತೊಂದರೆ ಏನಾದರೂ ಇದೆಯೇ?"

ಅವರು ಬಾಗಿಲು ತೆರೆದು ಹಿಡಿದಿದ್ದರು. ನಾನು ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಪಾಪ, ವಯಸ್ಸಾಗಿದೆ, ಮರೆವು, ಬೇರೆ ಯಾರೊಂದಿಗೋ ಗೊಂದಲ ಮಾಡಿಕೊಂಡಿದ್ದಾರೆ ಎಂದು ಕಾಗದ ಮುಚ್ಚಿಡುತ್ತಿದ್ದರು. ಅಂಕಲ್‌ಗೂ ಮರ್ಯಾದೆ ಉಳಿಯುತ್ತಿತ್ತು, ನನಗೂ ಲೈಸೆನ್ಸ್ ಸಿಗುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಅಂಕಲ್ ಬಂದು ನಿಂತರು. ಊರಿನವರ ನಕ್ಷತ್ರವನ್ನೆಲ್ಲ ಬಾಯಿಪಾಠ ಒಪ್ಪಿಸುವ ಮನುಷ್ಯನನ್ನು ಅರಳುಮರಳು ಎಂದು ನಾನು ಹೇಗೆ ಹೇಳಲಿ? ಅದೂ ಒಂದು ಸುಳ್ಳೇ ತಾನೇ? ಅವರು ನನಗಾಗಿ ಹೇಳಿದ ಸುಳ್ಳನ್ನು ಮುಚ್ಚಲು ನಾನು ಅವರ ಮೇಲೆ ಇನ್ನೊಂದು ಸುಳ್ಳು ಹೇಳುವುದೇ?

"ಇಲ್ಲ ಮೇಡಂ, ಅವರ ತಲೆ ನನ್ನ ತಲೆಗಿಂತ ಚೆನ್ನಾಗಿದೆ. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಅವರಿಗೆ ಚೆನ್ನಾಗಿ ಗೊತ್ತು. ಅವರು ಸುಳ್ಳು ಹೇಳಿದ್ದಾರೆ. ಯಾಕೆ ಹೇಳಿದರೋ ಗೊತ್ತಿಲ್ಲ, ನಾನಂತೂ ಹೇಳಿಸಿಲ್ಲ" ಎಂದೆ.

ಅಧಿಕಾರಿ ಬಹಳ ಹೊತ್ತು ಏನೋ ಬರೆದುಕೊಂಡರು. ಅವರ ಜೊತೆ ತಾವು ಮತ್ತೊಮ್ಮೆ ಮಾತಾಡಬೇಕು, ಅಲ್ಲಿಯವರೆಗೆ ನನ್ನ ಅರ್ಜಿ ಮುಂದಕ್ಕೆ ಹೋಗುವುದಿಲ್ಲ, ಏನು ಹೇಳಬೇಕೆಂದು ನಾನು ಅವರಿಗೆ ಹೇಳಿಕೊಡಬಾರದು ಎಂದರು. ನಾನು ಒಪ್ಪಿ ಹೊರಗೆ ಬಂದು ಕಾರಿನಲ್ಲಿ ಕುಳಿತು, ಸ್ಟೀರಿಂಗ್ ಹಿಡಿದುಕೊಂಡು, ನನ್ನನ್ನು ನಾನೇ ಬೈದುಕೊಂಡೆ. ಆಮೇಲೆ ಅಂಕಲ್‌ರನ್ನೂ ಬೈದೆ.

ಅಂದು ಸಂಜೆ ಫೋನ್ ಮಾಡಿದೆ. ನಾನು ಮಾಡಿದ್ದನ್ನು ಅಂಕಲ್ ಬೇರೆಯವರ ಬಾಯಿಂದ ಕೇಳಬಾರದು ಅನ್ನಿಸಿತ್ತು.

"ಅಂಕಲ್, ನೀವು ನನ್ನ ಬಗ್ಗೆ ಹೇಳಿದ್ದು ಸುಳ್ಳು ಅಂತ ನಾನು ಆಫೀಸರ್ ಹತ್ರ ಹೇಳ್ಬಿಟ್ಟಿದೀನಿ. ಅವರು ನಿಮಗೆ ಮತ್ತೆ ಫೋನ್ ಮಾಡ್ತಾರೆ."

"ಯಾವ ಆಫೀಸರ್?"

"ನನ್ನ ಕ್ಯಾಸಿನೋ ಲೈಸೆನ್ಸ್ ಆಫೀಸರ್. ಸರ್ಕಾರದವರು."

"ಸುಳ್ಳು ಹೇಳ್ದೆ ಅಂತ ಹೇಳಿದ್ಯಾ? ನನ್ನನ್ನ?" ಎಂದರು. ಫೋನ್ ಇಟ್ಟುಬಿಟ್ಟರು.

ಎಲ್ಲ ಬಿಡಿಸಿ ಹೇಳಿದವರು ಆಂಟಿ. ಮಾರನೆಯ ದಿನ ಬೇಸ್‌ಮೆಂಟಿನಿಂದ ಪಿಸುಗುಟ್ಟುತ್ತಾ ಫೋನ್ ಮಾಡಿದರು. ನನ್ನ ಮಗಳು ಒಬ್ಬ ಅಮೆರಿಕನ್ ಹುಡುಗನ ಜೊತೆ ಓಡಾಡುತ್ತಿರುವ ಸುದ್ದಿ ಪ್ಲೇನ್‌ಫೀಲ್ಡ್‌ವರೆಗೂ ಮುಟ್ಟಿತ್ತಂತೆ. ನಮ್ಮ ಬಗ್ಗೆ ವಿಚಾರಿಸಲು ಯಾರೋ ಫೋನ್ ಮಾಡುತ್ತಾರೆ ಎಂದು ನಾನು ಹೇಳಿದ ಕೂಡಲೆ, ಹುಡುಗನ ಮನೆಯವರೇ ಎಂದು ಇಬ್ಬರೂ ತೀರ್ಮಾನಿಸಿದರಂತೆ. ಫೋನಿನಲ್ಲಿ ಬಂದ ಹೆಂಗಸು, ಒಂದು ತನಿಖೆಯ ಕೆಲಸ, ಕಾರಣ ಹೇಳುವಂತಿಲ್ಲ ಎಂದರಂತೆ. ಮನೆ ಹೇಗೆ, ಗಂಡ ಹೆಂಡತಿ ಹೇಗಿದ್ದಾರೆ, ಕುಡಿತ ಉಂಟೇ, ಸಾಲ ಉಂಟೇ, ಜೂಜಾಡುತ್ತಾರೆಯೇ, ಎಲ್ಲಿ ಕೆಲಸ, ಕ್ಯಾಸಿನೋಗೆ ಹೋಗುತ್ತಾರೆಯೇ ಎಂದು ಒಂದಾದ ಮೇಲೊಂದು ಕೇಳಿದರಂತೆ. ನೀವೇ ಹೇಳಿ, ನಮ್ಮವರಿಗೆ ಇದು ಬೇರೆ ಏನು ಅನ್ನಿಸೀತು? ಬೆಂಗಳೂರಿನಲ್ಲಿ ಈಗ ಇಂಥ ವಿಚಾರಣೆಗೆ ಏಜೆನ್ಸಿಗಳೇ ಇವೆಯಲ್ಲ, ಇಲ್ಲಿನ ಹಣವಂತರು ಅದನ್ನೇ ಮಾಡಿಸುತ್ತಿದ್ದಾರೆ ಎಂದುಕೊಂಡರು ಅಂಕಲ್.

"ನಿನ್ನ ಮಗಳ ಬಾಳು ಅಂತ ಹೇಳಿದ್ದು ಕಣಮ್ಮ. ಈಗ ಅವರು ಮೂತಿ ಊದಿಸ್ಕೊಂಡು ಕೂತಿದಾರೆ. ನನ್ನನ್ನ ಸರ್ಕಾರದ ಮುಂದೆ ಸುಳ್ಳುಗಾರ ಮಾಡಿದ್ಲು ಅಂತ ಮೊಸರನ್ನ ಬಿಟ್ಟು ಏನೂ ತಿಂತಿಲ್ಲ" ಎಂದರು ಆಂಟಿ. ಅಂಕಲ್‌ಗೆ ಮರೆವೇ ಎಂದು ಅಧಿಕಾರಿ ಕೇಳಿದ್ದನ್ನೂ, ನಾನು ಇಲ್ಲ ಎಂದದ್ದನ್ನೂ ಅವರಿಗೆ ಹೇಳಿದೆ.

ನಮ್ಮ ಯಜಮಾನರು ಮೊದಲೇ ಹೇಳಿದ್ದರು. "ಅವರಿಗೆ ಮರೆವು ಅಂದಿದ್ರೆ ಮುಗೀತಿತ್ತಲ್ಲೇ. ಯಾರಿಗೆ ನಷ್ಟ ಆಗ್ತಿತ್ತು?" ನನಗೆ ಮೈಯೆಲ್ಲ ಉರಿಯಿತು. ನಷ್ಟ ಯಾರಿಗೆ ಎಂದು ಬಿಡಿಸಿ ಹೇಳಲು ನನಗೂ ಬರಲಿಲ್ಲ, ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು. ಮಗಳೋ, ವಿಷಯ ಕೇಳಿ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. ಆ ಹುಡುಗನ ತಾಯಿಗೆ ಇದನ್ನು ಹೇಳಲೇಬೇಕು ಎಂದಳು. ಹೇಳಿದರೆ ನಿನ್ನ ಕಾಲು ಮುರೀತೀನಿ ಎಂದೆ.

ಮುಂದಿನ ಮಂಗಳವಾರ ನನಗೆ ರಜೆ. ಬೆಳಿಗ್ಗೆ ಒಬ್ಬಳೇ ಹೊರಟೆ. ಯು.ಎಸ್. 23 ಇಳಿದು 94 ಹಿಡಿದರೆ ಮತ್ತೆ ಯೋಚನೆ ಮಾಡುವ ಕೆಲಸವಿಲ್ಲ, ಕಲಮಜೂ ದಾಟಿ, ಇಂಡಿಯಾನಾ ಗಡಿ ದಾಟಿ, ಲಾರಿಗಳ ನಡುವೆ ನುಸುಳಿಕೊಂಡು ಹೋಗುತ್ತಿದ್ದರಾಯಿತು. ಮೊದಲ ಗಂಟೆ ಅಂಕಲ್‌ಗೆ ಹೇಗೆ ಕ್ಷಮೆ ಕೇಳಬೇಕೆಂದು ಯೋಚಿಸಿದೆ. ಆಮೇಲೆ, ನಾನೇಕೆ ಕ್ಷಮೆ ಕೇಳಬೇಕು, ಸುಳ್ಳು ಹೇಳಿದವರು ಅವರು ಎಂದು ವಾದ ಹೂಡಿದೆ. ಇಂಡಿಯಾನಾದ ಮಿಶಿಗನ್ ಸಿಟಿ ಬರುವ ಹೊತ್ತಿಗೆ ಎರಡೂ ಮುಗಿದು, ಅವರ ಮುಖ ನೋಡಿದರೆ ಸಾಕು ಅನ್ನಿಸಿತ್ತು. ನನ್ನ ಮಗುವಿಗೆ ಕೈತುತ್ತು ಹಾಕಿದ ಮನುಷ್ಯ. ಆ ಕೈಯನ್ನೇ ನಾನು ಸರ್ಕಾರಕ್ಕೆ ತೋರಿಸಿಕೊಟ್ಟು ಬಂದಿದ್ದೆ.

ಅವರ ಮನೆ ಜೋಳದ ಹೊಲದ ಅಂಚಿಗೆ ಕಟ್ಟಿರುವ ಹೊಸ ಸಬ್‌ಡಿವಿಷನ್ನಿನಲ್ಲಿದೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಆಂಟಿ ಬಾಗಿಲು ತೆರೆದು ನನ್ನನ್ನು ತಬ್ಬಿಕೊಂಡು, ಕಣ್ಣಲ್ಲೇ ಒಳಗೆ ತೋರಿಸಿದರು. ಅಂಕಲ್ ರಿಕ್ಲೈನರ್ ಕುರ್ಚಿಯಲ್ಲಿ ಕುಳಿತು, ಟಿ.ವಿ. ಆರಿದ್ದರೂ ಟಿ.ವಿ.ಯನ್ನೇ ನೋಡುತ್ತಿದ್ದರು.

"ಅಂಕಲ್, ಬಂದಿದೀನಿ" ಎಂದೆ.

"ಕಾಣತ್ತೆ" ಎಂದರು.

ಆಂಟಿ ಅವರೆಕಾಳು ಉಪ್ಪಿಟ್ಟು ಮಾಡಿದ್ದರು. ಫ್ರೋಜನ್ ಕಾಳಾದರೂ ಸೊಗಡು ಇತ್ತು. ನಾನು ತಟ್ಟೆ ಹಿಡಿದು ಅವರ ಎದುರಿಗೇ ಕುಳಿತು ತಿಂದೆ. ಅಂಕಲ್ ನನ್ನ ಕಡೆ ತಿರುಗಲಿಲ್ಲ, ಆದರೆ ನನ್ನ ತಟ್ಟೆ ಖಾಲಿಯಾದದ್ದು ಮಾತ್ರ ಅವರಿಗೆ ಗೊತ್ತಾಯಿತು. "ಅವಳಿಗೆ ಇನ್ನೊಂದು ಸ್ವಲ್ಪ ಹಾಕೇ" ಎಂದು ಆಂಟಿಗೆ ಹೇಳಿದರು.

"ಅಂಕಲ್, ನಿಮಗೆ ನೋವು ಮಾಡಿದೀನಿ. ಅದಕ್ಕೆ ನನಗೆ ತುಂಬ ಬೇಜಾರಿದೆ. ಆದ್ರೆ ನಾನು ಹೇಳಿದ್ದು ತಪ್ಪು ಅಂತ ಮಾತ್ರ ನನ್ನ ಕೈಲಿ ಹೇಳೋಕಾಗಲ್ಲ" ಎಂದೆ.

"ನಿನ್ನನ್ನ ಮಗಳ ಥರ ನೋಡ್ದೆ" ಎಂದರು ಟಿ.ವಿ.ಗೆ.

"ಗೊತ್ತು ಅಂಕಲ್."

"ಆ ಹೆಂಗಸು ಎರಡು ಸಲ ಫೋನ್ ಮಾಡಿದಾಳೆ. ನಾನು ಎತ್ತಿಲ್ಲ."

ಅವರು ಎತ್ತದಿದ್ದರೆ ನನ್ನ ಅರ್ಜಿ ಅಲ್ಲೇ ಕೊಳೆಯುತ್ತದೆ. ಎತ್ತಿ ಎಂದು ಬೇಡಿಕೊಳ್ಳಲು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು, ಆದರೆ ಅದೂ ಹೇಳಿಕೊಟ್ಟ ಹಾಗಾಗುತ್ತದೇನೋ ಎಂದು ಹಲ್ಲು ಕಚ್ಚಿ ಕುಳಿತೆ. ನಾನು ಏನೂ ಕೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಅಂಕಲ್ ತಾವೇ ಫೋನ್ ತೆಗೆದು ಅಧಿಕಾರಿಗೆ ಕರೆ ಮಾಡಿದರು. ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವರು.

ನಾನು ಎದ್ದೆ. "ನಾನು ಇಲ್ಲಿರಬಾರದು ಅಂಕಲ್."

"ಕೂತ್ಕೋ. ನಿನ್ನ ಬೆನ್ನ ಹಿಂದೆ ನಾನ್ಯಾಕೆ ಮಾತಾಡ್ಲಿ?"

ಅವರೇ ಅಧಿಕಾರಿಗೆ, ಅವಳು ಇಲ್ಲೇ ಕುಳಿತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇರಲಿ, ಆದರೆ ಅವರು ಒಂದು ಮಾತೂ ಆಡುವಂತಿಲ್ಲ ಎಂದು ಅಧಿಕಾರಿ ಹೇಳಿದ್ದು ಹಾಲಿಗೆಲ್ಲ ಕೇಳಿಸಿತು. ನನ್ನಂಥ ಬಾಯಾಳಿಗೆ ಇದಕ್ಕಿಂತ ಶಿಕ್ಷೆ ಬೇಕೇ? ಆಂಟಿ ನನ್ನ ಪಕ್ಕ ಬಂದು ಕುಳಿತು ನನ್ನ ಮಂಡಿಯ ಮೇಲೆ ಕೈಯಿಟ್ಟರು.

ಅಂಕಲ್ ಗಂಟಲು ಸರಿಮಾಡಿಕೊಂಡು, ಹಿಂದೆ ಹೇಳಿದ್ದು ಸುಳ್ಳು ಎಂದರು. ಅವಳು ಕ್ಯಾಸಿನೋದಲ್ಲೇ ಕೆಲಸ ಮಾಡುತ್ತಾಳೆ, ಮೊದಲಿನಿಂದಲೂ ನನಗೆ ಗೊತ್ತು ಎಂದರು. ಯಾಕೆ ಮುಚ್ಚಿಟ್ಟಿರಿ ಎಂದು ಅಧಿಕಾರಿ ಕೇಳಿದರು. ಅಂಕಲ್ ತಮ್ಮ ಜೀವನದ ವಿದ್ಯೆಯನ್ನೆಲ್ಲ ವಿವರಿಸಿದರು: ನಮ್ಮಲ್ಲಿ ಮದುವೆಗೆ ಮುಂಚೆ ಹೀಗೆ ಫೋನ್ ಮಾಡಿ ವಿಚಾರಿಸುತ್ತಾರೆ, ಕೇಳಿಸಿಕೊಂಡವರು ಮನೆಯ ಮಾನ ಕಾಪಾಡಬೇಕು, ನಾನು ಇವಳ ಮಗಳ ಮದುವೆಯ ವಿಷಯ ಎಂದುಕೊಂಡೆ. ಅಧಿಕಾರಿ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

"ಹಾಗೆ ಹೇಳಿ ಎಂದು ಆಕೆ ನಿಮಗೆ ಹೇಳಿದ್ದರೇ?"

"ಅವಳಾ? ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದ್ದಳು. ನಾನೇ ಕೇಳಲಿಲ್ಲ."

"ಕೊನೆಯ ಪ್ರಶ್ನೆ. ಈ ಲೈಸೆನ್ಸ್ ಕೊಡುವ ಮುಂಚೆ ಈಕೆಯ ಬಗ್ಗೆ ನಮಗೆ ತಿಳಿದಿರಬೇಕಾದ್ದು ಇನ್ನೇನಾದರೂ ಇದೆಯೇ?"

ಅಂಕಲ್ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದರು. ಒಂದು ವಾರದಿಂದ ಮೊಸರನ್ನದ ಜೊತೆ ನುಂಗಿದ್ದ ಸಿಟ್ಟೆಲ್ಲ ಅವರ ಮುಖಕ್ಕೆ ಬಂತು. ಆಂಟಿ ಬೇಡ ಬೇಡ ಎಂದು ತಲೆಯಾಡಿಸಿದರು. ಅಂಕಲ್ ಲೆಕ್ಕಿಸಲಿಲ್ಲ.

"ಇದೆ" ಎಂದರು. "ಇವಳು ತನ್ನವರು ಅಂತ ನೋಡುವವಳಲ್ಲ ಮೇಡಂ. ನಾನು ಇವಳಿಗೆ ತಂದೆಯ ಸಮಾನ. ಇವಳ ಮಗುವನ್ನು ಎತ್ತಿ ಆಡಿಸಿದ್ದೇನೆ. ನನಗೆ ಮರೆವು ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ತಪ್ಪು ಮಾಡಿದವನು ನಾನು ಎಂದು ನಿಮ್ಮ ಮುಂದೆ ಹೇಳಿಬಿಟ್ಟಳು. ನನ್ನನ್ನೇ ಬಿಡಲಿಲ್ಲ. ಇನ್ನು ಯಾರನ್ನು ಬಿಡುತ್ತಾಳೆ?"

ಅಧಿಕಾರಿ, "ಥ್ಯಾಂಕ್ ಯೂ, ಸರ್. ನನಗೆ ಬೇಕಾಗಿದ್ದು ಇಷ್ಟೇ" ಎಂದು ಇಟ್ಟುಬಿಟ್ಟರು.

ಅಂಕಲ್ ಫೋನ್ ಹಿಡಿದೇ ಕುಳಿತಿದ್ದರು. ಸಿಟ್ಟು ಇಳಿಯುತ್ತಿದ್ದ ಹಾಗೆ ಮುಖದ ಬಣ್ಣವೂ ಇಳಿಯಿತು. ನನ್ನನ್ನು ನೋಡಿದರು, ಆಂಟಿಯನ್ನು ನೋಡಿದರು.

"ಏನಮ್ಮಾ, ಸಿಟ್ಟಲ್ಲಿ ಬಾಯಿಗೆ ಬಂದದ್ದು ಹೇಳ್ಬಿಟ್ನಲ್ಲ. ನಿನ್ನ ಕೆಲಸ ಕೆಡಿಸ್ಬಿಟ್ನಾ?"

ನನಗೆ ಅಳು ನಗು ಎರಡೂ ಒಟ್ಟಿಗೇ ಬಂತು. ಎದ್ದು ಹೋಗಿ ಅವರ ಕಾಲ ಹತ್ತಿರ ಕಾರ್ಪೆಟ್ಟಿನ ಮೇಲೆ ಕುಳಿತೆ.

"ಇಲ್ಲ ಅಂಕಲ್" ಎಂದೆ. "ಕೊಡಿಸ್ಬಿಟ್ರಿ."